ಗೆಳೆಯ ಬಿಟ್ಟುಹೋದ ಜಾಗದಲ್ಲಿ

ಅಗಲಿದವರ ಜಾಗಕ್ಕೆ ಹೋಗಿ ನಿಲ್ಲುವುದು ಮನುಷ್ಯನಿಗೆ ಒದಗುವ ಕಷ್ಟದ ಕೆಲಸಗಳಲ್ಲೊಂದು. ಹೊಸದಾಗಿ ಒಂದು ಕಾರ್ಯವನ್ನು ಆರಂಭಿಸುವವನಿಗೆ ಭಯವಿರುತ್ತದೆ, ಆದರೆ ಹೋಲಿಕೆಯ ಭಾರವಿರುವುದಿಲ್ಲ. ಇನ್ನೊಬ್ಬರು ಪ್ರೀತಿಯಿಂದ ಕಟ್ಟುತ್ತಿದ್ದ ಗೋಡೆಯನ್ನು ಅವರು ಕಣ್ಮುಚ್ಚಿದ ಬಳಿಕ ಮುಂದುವರಿಸಬೇಕಾದವನಿಗಾದರೋ, ಒಂದೊಂದು ಕಲ್ಲನ್ನು ಇಡುವಾಗಲೂ ನೂರು ಕಣ್ಣುಗಳು ಬೆನ್ನ ಮೇಲಿರುತ್ತವೆ. ಕಲ್ಲು ಸರಿಯಾಗಿ ಕೂತರೆ ‘ಅಡಿಪಾಯ ಅವರದ್ದಲ್ಲವೇ’ ಎನ್ನುತ್ತಾರೆ. ವಾಲಿದರೆ ‘ಅವರಿದ್ದಿದ್ದರೆ ಹೀಗಾಗುತ್ತಿರಲಿಲ್ಲ’ ಎನ್ನುತ್ತಾರೆ. ಎರಡೂ ಮಾತುಗಳಿಗೆ ಉತ್ತರವಿಲ್ಲ.

ಇದು ನಮ್ಮ ಮನೆಗಳಲ್ಲಿ ನಡೆಯುವ ಸಂಗತಿಯೇ. ತಂದೆ ತೀರಿಕೊಂಡ ಮೇಲೆ ಅಂಗಡಿಯ ಗಲ್ಲೆಯಲ್ಲಿ ಕುಳಿತ ಹಿರಿಯ ಮಗ, ತಾಯಿಯಿಲ್ಲದ ಮನೆಯ ಅಡುಗೆಮನೆಗೆ ಕಾಲಿಟ್ಟ ಸೊಸೆ, ಮೆಚ್ಚಿನ ಮುಖ್ಯೋಪಾಧ್ಯಾಯರು ನಿವೃತ್ತರಾದ ಶಾಲೆಗೆ ಬಂದ ಹೊಸಬರು, ಇವರೆಲ್ಲರೂ ಈ ಭಾರವನ್ನು ಬಲ್ಲವರು. ನಾವು ಗುರುಗಳಂತೂ ಕೆಲವು ವರ್ಷಗಳಿಗೊಮ್ಮೆ ವರ್ಗವಾಗಿ ಇನ್ನೊಬ್ಬರು ಬಿಟ್ಟುಹೋದ ಕೋಣೆಯಲ್ಲಿ ಹಾಸಿಗೆ ಬಿಚ್ಚುವವರು. ‘ಮೊದಲಿದ್ದ ಫಾದರ್ ಹೀಗೆ ಮಾಡುತ್ತಿದ್ದರು’ ಎಂಬ ಮಾತನ್ನು ಮೊದಲ ವಾರದಲ್ಲೇ ಕೇಳದ ಗುರುವನ್ನು ನಾನಿನ್ನೂ ಕಂಡಿಲ್ಲ. ಆದುದರಿಂದಲೇ ಇರಬೇಕು, ಫುಟ್‌ಬಾಲ್ ಲೋಕದ ಹಲವು ದೊಡ್ಡ ಹೆಸರುಗಳ ನಡುವೆ ಅಷ್ಟೇನೂ ದೊಡ್ಡದಲ್ಲದ ಒಂದು ಹೆಸರು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿದೆ. ಅದು ವೇಲ್ಸ್ ದೇಶದ ಕ್ರಿಸ್ ಕೋಲ್ಮನ್ ಎಂಬವರ ಹೆಸರು. ಅವರು ರಕ್ಷಣಾ ಆಟಗಾರರಾಗಿದ್ದು, ಆಮೇಲೆ ತರಬೇತುದಾರರಾದವರು. ಬಾಲ್ಯದ ಗೆಳೆಯನೊಬ್ಬ ಅಕಾಲದಲ್ಲಿ ಬಿಟ್ಟುಹೋದ ಜಾಗದಲ್ಲಿ ನಿಂತು ತನ್ನ ದೇಶದ ತಂಡವನ್ನು ನಡೆಸಿದವರು.

ವೇಲ್ಸ್ ಎಂಬುದು ಬ್ರಿಟನ್ನಿನ ಪಶ್ಚಿಮದ ಅಂಚಿನಲ್ಲಿರುವ ಪುಟ್ಟ ದೇಶ. ಜನಸಂಖ್ಯೆ ಸುಮಾರು 30 ಲಕ್ಷ. ಕಲ್ಲಿದ್ದಲಿನ ಗಣಿಗಳಿಗೂ ಗುಂಪುಗಾಯನಕ್ಕೂ ರಗ್ಬಿ ಆಟಕ್ಕೂ ಹೆಸರಾದ ನಾಡು. ಅಲ್ಲಿ ಫುಟ್‌ಬಾಲ್ ಇಲ್ಲವೆಂದಲ್ಲ. ಆದರೆ ಬಹುಕಾಲ ಅದು ನಿರಾಸೆಯ ಆಟವಾಗಿತ್ತು. 1958ರಲ್ಲಿ ಸ್ವೀಡನ್ನಿನಲ್ಲಿ ನಡೆದ ವಿಶ್ವಕಪ್‌ನಲ್ಲಿ ವೇಲ್ಸ್ ತಂಡ ಕ್ವಾರ್ಟರ್ ಫೈನಲ್ ತಲುಪಿ, ಹದಿನೇಳು ವರ್ಷದ ಪೆಲೆ ಹೊಡೆದ ಒಂದೇ ಒಂದು ಗೋಲಿನಿಂದ ಬ್ರೆಜಿಲ್‌ಗೆ ಸೋತಿತ್ತು. ಅದಾದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ದೇಶ ಯಾವುದೇ ದೊಡ್ಡ ಪಂದ್ಯಾವಳಿಯ ಅಂತಿಮ ಹಂತದ ಬಾಗಿಲನ್ನು ದಾಟಲಿಲ್ಲ. 1993ರ ನವೆಂಬರ್‌ನಲ್ಲಿ ಕಾರ್ಡಿಫ್ ನಗರದಲ್ಲಿ ರೊಮೇನಿಯಾದ ಎದುರು ಗೆದ್ದಿದ್ದರೆ ಮತ್ತೆ ವಿಶ್ವಕಪ್‌ಗೆ ಹೋಗಬಹುದಿತ್ತು. ಪೆನಾಲ್ಟಿ ಹೊಡೆತವೊಂದು ಗೋಲುಕಂಬದ ಅಡ್ಡಪಟ್ಟಿಗೆ ಬಡಿದು ಹಿಂದಕ್ಕೆ ಬಂತು, ಆಸೆಯೂ ಅಲ್ಲಿಗೆ ಮುಗಿಯಿತು.

ಕೋಲ್ಮನ್ ಹುಟ್ಟಿದ್ದು 1970ರ ಜೂನ್ 10ರಂದು, ವೇಲ್ಸಿನ ದಕ್ಷಿಣ ಕರಾವಳಿಯ ಬಂದರು ನಗರ ಸ್ವಾನ್ಸಿಯಲ್ಲಿ. ತಂದೆ ಐರ್ಲೆಂಡಿನವರು. ಹದಿನಾರರ ಹರೆಯದಲ್ಲಿ ಅವರು ಮ್ಯಾಂಚೆಸ್ಟರ್ ಸಿಟಿ ಎಂಬ ಹೆಸರಾಂತ ಕ್ಲಬ್ಬಿನ ಕಿರಿಯರ ತಂಡ ಸೇರಿದರು. ಅಂಥ ಅವಕಾಶಕ್ಕಾಗಿ ಸಾವಿರಾರು ಹುಡುಗರು ಹಂಬಲಿಸುತ್ತಾರೆ. ಆದರೆ ಈ ಹುಡುಗನಿಗೆ ಮನೆಯ ನೆನಪು ತಡೆಯಲಾಗಲಿಲ್ಲ. ಗಂಟುಮೂಟೆ ಕಟ್ಟಿ ಊರಿಗೆ ಹಿಂತಿರುಗಿ 1987ರಲ್ಲಿ ಸ್ವಾನ್ಸಿ ಸಿಟಿ ತಂಡವನ್ನು ಸೇರಿದರು. ಹಾಸ್ಟೆಲಿಗೆ ಬಿಟ್ಟ ಮೊದಲ ರಾತ್ರಿ ದಿಂಬಿನಲ್ಲಿ ಮುಖ ಹುದುಗಿಸಿ ಅತ್ತವರಿಗೆ ಆ ಸಂಕಟ ಗೊತ್ತು. ಊರಿನವರು ಅದನ್ನು ಸೋಲೆಂದೇ ಕರೆದಿರಬಹುದು. ಆದರೆ ಮರಳಿ ಬಂದ ಹುಡುಗ ತನ್ನೂರಿನ ತಂಡಕ್ಕೆ ನಾಲ್ಕು ವರ್ಷಗಳಲ್ಲಿ 160 ಲೀಗ್ ಪಂದ್ಯಗಳನ್ನು ಆಡಿದರು.

ಇಲ್ಲಿ ರಕ್ಷಣಾ ಆಟಗಾರನೆಂದರೆ ಯಾರೆಂಬುದನ್ನು ಒಂದಿಷ್ಟು ಹೇಳಬೇಕು. ನಾವು ಗುರುಮಠದಲ್ಲಿ ಓದುತ್ತಿದ್ದಾಗ ಸಂಜೆಯ ಆಟ ಕಡ್ಡಾಯವಾಗಿತ್ತು. ತಂಡ ಹಂಚುವಾಗ ಎಲ್ಲರೂ ಮುಂದೆ ಆಡಬೇಕೆನ್ನುವವರೇ. ಹಿಂದೆ ನಿಲ್ಲಲು ಯಾರಿಗೂ ಮನಸ್ಸಿರುತ್ತಿರಲಿಲ್ಲ. ಏಕೆಂದರೆ ಮುಂದಿನ ಸಾಲಿನವನು ಹತ್ತು ಅವಕಾಶಗಳನ್ನು ಕಳೆದುಕೊಂಡು ಹನ್ನೊಂದನೆಯದರಲ್ಲಿ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಹಿಂದಿನ ಸಾಲಿನವನು ಹತ್ತು ಅಪಾಯಗಳನ್ನು ತಡೆದು ಹನ್ನೊಂದನೆಯದರಲ್ಲಿ ಎಡವಿದರೆ ಆ ಒಂದನ್ನೇ ರಾತ್ರಿಯ ಊಟದ ವೇಳೆಗೆ ಎಲ್ಲರೂ ಆಡಿಕೊಳ್ಳುತ್ತಾರೆ. ರಕ್ಷಣಾ ಆಟಗಾರನ ಒಳ್ಳೆಯ ಕೆಲಸಕ್ಕೆ ಗುರುತು ಉಳಿಯುವುದಿಲ್ಲ. ಆಗಬಹುದಾಗಿದ್ದ ಕೇಡು ಆಗಲಿಲ್ಲ ಎಂಬುದಷ್ಟೇ ಅವನ ಸಾಧನೆ. ಆದರೆ ಮೈದಾನವೆಲ್ಲ ಕಣ್ಣಮುಂದೆ ಹರಡಿಕೊಂಡಿರುವುದು ಹಿಂದೆ ನಿಂತವನಿಗೆ ಮಾತ್ರ. ಯಾರು ದಣಿದಿದ್ದಾರೆ, ಯಾರು ಜಾಗ ಬಿಟ್ಟು ಹೋಗಿದ್ದಾರೆ, ಎಲ್ಲಿ ತೆರಪು ಬಿದ್ದಿದೆ ಎಂಬುದನ್ನು ಅವನು ನೋಡಬೇಕು, ಕೂಗಿ ಹೇಳಬೇಕು, ತೆರವಾದ ಜಾಗಕ್ಕೆ ತಾನೇ ಓಡಬೇಕು. ಇನ್ನೊಬ್ಬನು ತೆರವು ಮಾಡಿದ ಸ್ಥಳವನ್ನು ತುಂಬುವುದೇ ಅವನ ನಿತ್ಯದ ಕಾಯಕ. ಕೋಲ್ಮನ್ ಅವರ ಮುಂದಿನ ಬದುಕನ್ನು ನೋಡುವಾಗ ಈ ಮಾತನ್ನು ನೆನಪಿಡಬೇಕು.

1991ರಲ್ಲಿ ಅವರು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ತಂಡಕ್ಕೆ ಹೋದರು. ಮರುವರ್ಷ ಆಸ್ಟ್ರಿಯಾದ ಎದುರು ವೇಲ್ಸ್ ಪರವಾಗಿ ಆಡಿದ ಮೊದಲ ಪಂದ್ಯದಲ್ಲೇ, ರಕ್ಷಣಾ ಆಟಗಾರರಾಗಿದ್ದೂ, ಗೋಲು ಗಳಿಸಿದರು. 1995ರ ಡಿಸೆಂಬರ್‌ನಲ್ಲಿ ಹಿಂದಿನ ಋತುವಿನ ಚಾಂಪಿಯನ್ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡ 28 ಲಕ್ಷ ಪೌಂಡುಗಳಷ್ಟು ದೊಡ್ಡ ಮೊತ್ತ ಕೊಟ್ಟು ಅವರನ್ನು ಕೊಂಡಿತು. ಅಲ್ಲಿ ಹಿಮ್ಮಡಿಯ ಸ್ನಾಯುವಿನ ಗಾಯ ಅವರನ್ನು ಬಹುಕಾಲ ಹೊರಗಿರಿಸಿತು. 1997ರ ಕೊನೆಯಲ್ಲಿ ಅವರು ಮೇಲಿನ ಎರಡು ದರ್ಜೆಗಳಿಗಿಂತ ಕೆಳಗೆ ಆಡುತ್ತಿದ್ದ ಫುಲ್ಹಮ್ ತಂಡಕ್ಕೆ ಬಂದರು. ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಇಳಿದು ಬಂದಂತಿತ್ತು ಅದು. ಆದರೆ ಆ ಚಿಕ್ಕ ಮನೆಯಲ್ಲಿ ಅವರು ಯಜಮಾನರಾದರು. ಅವರ ನಾಯಕತ್ವದಲ್ಲಿ ಫುಲ್ಹಮ್ 1999ರಲ್ಲಿ ಒಂದು ಮೆಟ್ಟಿಲು ಮೇಲೇರಿತು. 2000ದ ಕೊನೆಗೆ ಇಂಗ್ಲೆಂಡಿನ ಅತ್ಯುನ್ನತ ದರ್ಜೆಯ ಹೊಸ್ತಿಲಲ್ಲಿ ನಿಂತಿತ್ತು.

ಹೊಸ ವರ್ಷದ ಎರಡನೆಯ ದಿನ, 2001ರ ಜನವರಿ 2ರಂದು, ಇಂಗ್ಲೆಂಡಿನ ಸರ್ರಿ ಪ್ರಾಂತ್ಯದ ರಸ್ತೆಯೊಂದರಲ್ಲಿ ಅವರ ಕಾರು ಅಪಘಾತಕ್ಕೀಡಾಯಿತು. ಕಾಲಿನ ಎಲುಬುಗಳು ನುಚ್ಚುನೂರಾದವು. ಆಟವಿರಲಿ, ಕಾಲಾದರೂ ಉಳಿದೀತೇ ಎಂಬ ಭೀತಿಯಿತ್ತು. ಆಗ ಅವರಿಗೆ ಮೂವತ್ತು ವರ್ಷ. ಕೆಲವೇ ತಿಂಗಳುಗಳಲ್ಲಿ ಅವರು ಕಟ್ಟಿ ನಿಲ್ಲಿಸಿದ ತಂಡ 101 ಅಂಕಗಳೊಂದಿಗೆ ತನ್ನ ದರ್ಜೆಯನ್ನು ಗೆದ್ದು ಪ್ರೀಮಿಯರ್ ಲೀಗ್ ಪ್ರವೇಶಿಸಿತು. ನಾಯಕ ಮಾತ್ರ ಊರುಗೋಲಿನ ಮೇಲಿದ್ದರು. ತಾನು ನೆಟ್ಟ ಮರದ ಹಣ್ಣನ್ನು ಇತರರು ತಿನ್ನುವುದನ್ನು ಬೇಲಿಯಾಚೆ ನಿಂತು ನೋಡುವುದೆಂದರೆ ಇದೇ.

ಆಸ್ಪತ್ರೆಯ ಎಲುಬಿನ ವಾರ್ಡುಗಳಿಗೆ ಹೋಗಿ ಬರುವವನಾಗಿ ನಾನೊಂದನ್ನು ಗಮನಿಸಿದ್ದೇನೆ. ಕಾಲು ಮುರಿದುಕೊಂಡು ಮಲಗಿದವರನ್ನು ನೋವಿಗಿಂತ ಹೆಚ್ಚಾಗಿ ಕಾಡುವುದು ‘ಇನ್ನು ಮುಂದೆ ನಾನು ಯಾರು’ ಎಂಬ ಪ್ರಶ್ನೆ. ತೆಂಗಿನ ಮರ ಹತ್ತುವವನು ಮತ್ತೆ ಹತ್ತಲಾರನೆಂದರೆ, ಲಾರಿ ಓಡಿಸುವವನು ಮತ್ತೆ ಓಡಿಸಲಾರನೆಂದರೆ, ಅವನ ಕೆಲಸ ಮಾತ್ರವಲ್ಲ, ಹೆಸರೇ ಹೋದಂತೆ. ಕೋಲ್ಮನ್ ಒಂದೂವರೆ ವರ್ಷ ಆ ಪ್ರಶ್ನೆಯೊಡನೆ ಹೋರಾಡಿದರು. 2002ರ ಮೇ 14ರಂದು ಕಾರ್ಡಿಫ್‌ನಲ್ಲಿ ಜರ್ಮನಿಯ ಎದುರು ವೇಲ್ಸ್ 1-0ರಿಂದ ಗೆದ್ದ ಪಂದ್ಯದ ಕೊನೆಯ ಗಳಿಗೆಯಲ್ಲಿ ಬದಲಿ ಆಟಗಾರನಾಗಿ ಮೈದಾನಕ್ಕಿಳಿದರು. ಅದು ಅವರ 32ನೆಯ ಮತ್ತು ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಸೋತ ಜರ್ಮನಿ ಅದೇ ಬೇಸಿಗೆಯಲ್ಲಿ ವಿಶ್ವಕಪ್ ಫೈನಲ್ ಆಡಿತು. ಕಾಲು ಮಾತ್ರ ಮೊದಲಿನಂತಾಗಲಿಲ್ಲ. 2002ರ ಅಕ್ಟೋಬರ್‌ನಲ್ಲಿ, 32ನೆಯ ವಯಸ್ಸಿನಲ್ಲಿ, ಅವರು ಆಟಕ್ಕೆ ವಿದಾಯ ಹೇಳಿ ಫುಲ್ಹಮ್ ತಂಡದಲ್ಲೇ ತರಬೇತಿಯ ಕೆಲಸಕ್ಕೆ ಸೇರಿದರು.

ಆರು ತಿಂಗಳೊಳಗೆ ಮತ್ತೊಂದು ತೆರವಾದ ಜಾಗ ಅವರನ್ನು ಕರೆಯಿತು. 2003ರ ಏಪ್ರಿಲ್‌ನಲ್ಲಿ ಫುಲ್ಹಮ್ ತನ್ನ ಫ್ರೆಂಚ್ ತರಬೇತುದಾರ ಜಾನ್ ಟಿಗಾನಾ ಅವರನ್ನು ಬಿಟ್ಟುಕೊಟ್ಟಾಗ ಹಂಗಾಮಿಯಾಗಿ ಹೊಣೆ ಹೊತ್ತವರು ಕೋಲ್ಮನ್. ಕೆಳಗಿನ ದರ್ಜೆಗೆ ಜಾರಲಿದ್ದ ತಂಡವನ್ನು ಉಳಿಸಿಕೊಂಡರು. ಪ್ರೀಮಿಯರ್ ಲೀಗಿನ ಅತಿ ಕಿರಿಯ ವ್ಯವಸ್ಥಾಪಕರೆನಿಸಿದರು. ಮರುವರ್ಷ ತಂಡ ಒಂಬತ್ತನೆಯ ಸ್ಥಾನ ಪಡೆಯಿತು. ಯುವಕನ ಭವಿಷ್ಯ ಉಜ್ವಲವೆಂದು ಪತ್ರಿಕೆಗಳು ಬರೆದವು.

ಅಲ್ಲಿಂದ ಮುಂದೆ ಇಳಿಜಾರು. 2007ರ ಏಪ್ರಿಲ್‌ನಲ್ಲಿ ಫುಲ್ಹಮ್ ಅವರನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ಸ್ಪೇನಿನ ರಿಯಲ್ ಸೊಸಿಯೆಡಾಡ್ ತಂಡಕ್ಕೆ ಹೋದರು. ಅಲ್ಲಿ ಒಮ್ಮೆ ಪತ್ರಕರ್ತರ ಸಭೆಗೆ ಬಹಳ ತಡವಾಗಿ ಬಂದು, ಬಟ್ಟೆ ಒಗೆಯುವ ಯಂತ್ರ ಕೆಟ್ಟು ಮನೆಯೊಳಗೆಲ್ಲ ನೀರು ತುಂಬಿತೆಂದು ಸಬೂಬು ಹೇಳಿದರು. ರಾತ್ರಿಯಿಡೀ ಹೊರಗೆ ಕಳೆದಿದ್ದರೆಂಬುದು ಬಯಲಾದಾಗ ತಪ್ಪೊಪ್ಪಿಕೊಂಡರು. ಈ ಸಂಗತಿಯನ್ನು ಬೇಕೆಂದೇ ಬರೆಯುತ್ತಿದ್ದೇನೆ. ನಾವು ಮೆಚ್ಚಿದವರ ಜೀವನ ಚರಿತ್ರೆಯಿಂದ ಇಂಥ ಪುಟಗಳನ್ನು ಹರಿದುಹಾಕುವ ಚಾಳಿ ನಮಗಿದೆ. ಹರಿದ ಮೇಲೆ ಉಳಿಯುವ ಮೂರ್ತಿಗೆ ಕೈಮುಗಿಯಬಹುದೇ ಹೊರತು ಅದರ ಹಿಂದೆ ನಡೆಯಲಾಗದು. 2008ರ ಜನವರಿಯಲ್ಲಿ ಸ್ಪೇನನ್ನು ಬಿಟ್ಟು ಇಂಗ್ಲೆಂಡಿನ ಕೊವೆಂಟ್ರಿ ಸಿಟಿ ತಂಡಕ್ಕೆ ಬಂದರು. 2010ರ ಮೇ ತಿಂಗಳಿನಲ್ಲಿ ಅಲ್ಲಿಯೂ ಕೆಲಸ ಹೋಯಿತು. 2011ರಲ್ಲಿ ಗ್ರೀಸ್ ದೇಶದ ಲಾರಿಸಾ ಎಂಬ ತಂಡದಲ್ಲಿದ್ದರು. ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಕೋಲ್ಮನ್ ಅವರ ಕಾಲ ಮುಗಿಯಿತೆಂದು ಹೇಳುವವರೇ ಹೆಚ್ಚಾಗಿದ್ದರು.

ಈಗ ಗೆಳೆಯನ ವಿಷಯಕ್ಕೆ ಬರೋಣ. ಗ್ಯಾರಿ ಸ್ಪೀಡ್ ಕೋಲ್ಮನ್ ಅವರಿಗಿಂತ ಒಂಬತ್ತು ತಿಂಗಳು ದೊಡ್ಡವರು. 1969ರ ಸೆಪ್ಟೆಂಬರ್‌ನಲ್ಲಿ ವೇಲ್ಸಿನ ಉತ್ತರ ಭಾಗದಲ್ಲಿ ಹುಟ್ಟಿದವರು. ಒಬ್ಬ ಉತ್ತರದವ, ಇನ್ನೊಬ್ಬ ದಕ್ಷಿಣದವ. ಹುಡುಗರಾಗಿದ್ದಾಗಲೇ ಆಟ ಇಬ್ಬರನ್ನೂ ಸ್ನೇಹಿತರನ್ನಾಗಿಸಿತ್ತು. ಸ್ಪೀಡ್ ಅವರ ಬದುಕು ನೇರವಾದ ಹೆದ್ದಾರಿಯಂತಿತ್ತು. ಲೀಡ್ಸ್ ತಂಡದೊಡನೆ 1992ರಲ್ಲಿ ಇಂಗ್ಲೆಂಡಿನ ಲೀಗ್ ಪ್ರಶಸ್ತಿ, ಪ್ರೀಮಿಯರ್ ಲೀಗಿನಲ್ಲಿ 535 ಪಂದ್ಯಗಳು, ದೇಶಕ್ಕಾಗಿ 85 ಪಂದ್ಯಗಳು, ಶಿಸ್ತಿಗೆ ಹೆಸರಾದ ದೇಹ, ಎಲ್ಲರಿಗೂ ಪ್ರಿಯವಾದ ನಡತೆ. 2010ರ ಡಿಸೆಂಬರ್‌ನಲ್ಲಿ ಅವರು ವೇಲ್ಸ್ ತಂಡದ ತರಬೇತುದಾರರಾದರು. 2011ರ ಆಗಸ್ಟ್‌ನಲ್ಲಿ ವಿಶ್ವ ಶ್ರೇಯಾಂಕದಲ್ಲಿ 117ನೆಯ ಸ್ಥಾನಕ್ಕೆ ಕುಸಿದಿದ್ದ ತಂಡ ಕೆಲವೇ ತಿಂಗಳಲ್ಲಿ ಎದ್ದು ನಿಂತಿತು. ಕೊನೆಯ ಐದು ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದಿತು. ನವೆಂಬರ್ 12ರಂದು ನಾರ್ವೆಯನ್ನು 4-1ರಿಂದ ಸೋಲಿಸಿತು. ಆ ವರ್ಷ ಶ್ರೇಯಾಂಕದಲ್ಲಿ ಅತಿ ಹೆಚ್ಚು ಮೇಲೇರಿದ ತಂಡವೆಂಬ ಗೌರವ ವೇಲ್ಸ್‌ಗೆ ಸಂದಿತು.

ಆ ಗೌರವವನ್ನು ಕಾಣಲು ಸ್ಪೀಡ್ ಇರಲಿಲ್ಲ. 2011ರ ನವೆಂಬರ್ 27ರ ಭಾನುವಾರ ಬೆಳಿಗ್ಗೆ ತಮ್ಮ ಮನೆಯಲ್ಲಿ ಅವರು ಮೃತರಾಗಿ ಕಂಡುಬಂದರು. ವಯಸ್ಸು 42. ಹಿಂದಿನ ದಿನವಷ್ಟೇ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ನಗುನಗುತ್ತಾ ಮಾತನಾಡಿದ್ದರು. ಆಮೇಲೆ ನಡೆದ ವಿಚಾರಣೆಯಲ್ಲಿ ಅಧಿಕಾರಿಗಳೂ ಆ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ಏನಿತ್ತೆಂದು ಖಚಿತವಾಗಿ ಹೇಳಲಾರದೆ ಹೋದರು. ಆ ಭಾನುವಾರ ಸ್ವಾನ್ಸಿಯಲ್ಲಿ, ಕೋಲ್ಮನ್ ಅವರ ಊರಿನಲ್ಲಿ, ಒಂದು ಪಂದ್ಯವಿತ್ತು. ಆಟಕ್ಕೆ ಮೊದಲು ಮೌನಾಚರಣೆಗೆ ಎಲ್ಲರೂ ನಿಂತರು. ಮೌನವನ್ನು ತಾಳಲಾರದೆ ಜನ ಚಪ್ಪಾಳೆ ತಟ್ಟತೊಡಗಿದರು. ಸ್ಪೀಡ್ ಜೊತೆ ಆಡಿದ್ದ ಆಟಗಾರರು ಮೈದಾನದಲ್ಲೇ ಕಣ್ಣೀರಿಟ್ಟರು.

ಇಂಥ ಮರಣವಾದ ಮನೆಗಳ ಜಗಲಿಯಲ್ಲಿ ಕುಳಿತು ಬಂದವನು ನಾನು. ಅಲ್ಲಿ ಅಳುವಿಗಿಂತ ಪ್ರಶ್ನೆಗಳೇ ಹೆಚ್ಚು. ‘ನಿನ್ನೆ ನಮ್ಮೊಡನೆ ಊಟ ಮಾಡಿದ್ದನಲ್ಲ, ನಮಗೇಕೆ ತಿಳಿಯಲಿಲ್ಲ’ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಅಂಥ ಮನೆಯಲ್ಲಿ ಬುದ್ಧಿವಾದ ಹೇಳಬಾರದು, ತೀರ್ಪು ಕೊಡಲೇಬಾರದು. ನಗುವ ಮುಖದ ಹಿಂದೆಯೂ ಬಳಲಿದ ಮನಸ್ಸಿರಬಹುದು, ಬಳಲಿದ ಮನಸ್ಸಿಗೂ ಮುರಿದ ಕಾಲಿನಷ್ಟೇ ವೈದ್ಯರ ಆರೈಕೆ ಬೇಕು ಎಂಬುದನ್ನು ನಮ್ಮ ಕುಟುಂಬಗಳು ನಾಚಿಕೆಯಿಲ್ಲದೆ ಮಾತನಾಡಿಕೊಳ್ಳಲು ಕಲಿತರೆ, ಅದು ಸತ್ತವರಿಗೆ ಸಲ್ಲಿಸುವ ಗೌರವವೂ ಬದುಕಿರುವವರಿಗೆ ಕೊಡುವ ಕಾವಲೂ ಆಗುತ್ತದೆ.

2012ರ ಜನವರಿ 19ರಂದು ವೇಲ್ಸ್ ತಂಡದ ಹೊಣೆಯನ್ನು ಕ್ರಿಸ್ ಕೋಲ್ಮನ್ ಅವರಿಗೆ ವಹಿಸಲಾಯಿತು. ತನ್ನ ದೇಶದ ತಂಡಕ್ಕೆ ತರಬೇತುದಾರನಾಗುವುದು ಯಾವುದೇ ಆಟಗಾರನಿಗೆ ಸಂಭ್ರಮದ ಗಳಿಗೆ. ಆದರೆ ಈ ಹಾರವನ್ನು ಯಾವ ಕೊರಳಿನಿಂದ ತೆಗೆದು ತನ್ನ ಕೊರಳಿಗೆ ಹಾಕುತ್ತಿದ್ದಾರೆಂಬುದು ಅವರಿಗೆ ಗೊತ್ತಿತ್ತು. ಫೆಬ್ರವರಿ 29ರಂದು ಸ್ಪೀಡ್ ಸ್ಮರಣಾರ್ಥ ಕಾರ್ಡಿಫ್‌ನಲ್ಲಿ ಕೋಸ್ಟರಿಕಾ ಎದುರು ಪಂದ್ಯ ನಡೆದಾಗ ಅಂದಿನ ಹೊಣೆಯನ್ನು ಸ್ಪೀಡ್ ಅವರ ಕಾಲದಿಂದಲೂ ತಂಡದಲ್ಲಿದ್ದ ಸಹಾಯಕ ಓಶಿಯನ್ ರಾಬರ್ಟ್ಸ್ ವಹಿಸಿಕೊಂಡರು. ಕೋಲ್ಮನ್ ಮುಂದೆ ಬರಲಿಲ್ಲ. ಆ ಸಂಜೆ ಅಗಲಿದ ಗೆಳೆಯನದ್ದಾಗಿತ್ತು.

ಆಮೇಲಿನ ದಿನಗಳು ಕಠಿಣ. ಆಟಗಾರರ ಮನಸ್ಸಿನಲ್ಲಿ ಇನ್ನೂ ಶೋಕವಿತ್ತು. ಸ್ಪೀಡ್ ಕಲಿಸಿದ ರೀತಿಯಲ್ಲೇ ಎಲ್ಲವೂ ನಡೆಯಲೆಂಬ ಆಸೆಯಿತ್ತು. ಕೋಲ್ಮನ್ ಕೂಡ ಗೆಳೆಯನ ಕೆಲಸವನ್ನು ಗೆಳೆಯನ ವಿಧಾನದಲ್ಲೇ ಮುಂದುವರಿಸಲು ಯತ್ನಿಸಿದರು. ಮೆಕ್ಸಿಕೋಗೆ ಸೋಲು, ಬೋಸ್ನಿಯಾಗೆ ಸೋಲು, ಬೆಲ್ಜಿಯಂಗೆ ಸೋಲು. 2012ರ ಸೆಪ್ಟೆಂಬರ್ 11ರಂದು ಸರ್ಬಿಯಾದ ನೋವಿ ಸಾದ್ ನಗರದಲ್ಲಿ 6-1ರ ಹೀನಾಯ ಸೋಲು. ಸ್ಪೀಡ್ ಬಿಟ್ಟುಹೋದ ಚಿಗುರು ಒಂದೇ ವರ್ಷದಲ್ಲಿ ಬಾಡಿತೆಂದು ದೇಶವೇ ಮಾತನಾಡಿಕೊಂಡಿತು.

ನನ್ನ ದೃಷ್ಟಿಯಲ್ಲಿ ಕೋಲ್ಮನ್ ಅವರ ಬದುಕಿನ ನಿಜವಾದ ತಿರುವು ಯಾವ ಗೆಲುವಿನಲ್ಲೂ ಇಲ್ಲ, ಆ ಆರು ಗೋಲುಗಳ ರಾತ್ರಿಯ ಬಳಿಕದ ದಿನಗಳಲ್ಲಿದೆ. ಗೆಳೆಯನನ್ನು ಅನುಕರಿಸುವುದರಿಂದ ಗೆಳೆಯನ ಕೆಲಸ ಮುಂದುವರಿಯದು, ಆ ಕೆಲಸವನ್ನು ತಾನು ತನ್ನದೇ ರೀತಿಯಲ್ಲಿ ಮಾಡಬೇಕು ಎಂಬ ನಿರ್ಧಾರಕ್ಕೆ ಅವರು ಬಂದದ್ದು ಆಗ. ಇದನ್ನು ಅವರೇ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಮೊದಲ ಹೆಜ್ಜೆಯೇ ಕಹಿಯದ್ದಾಗಿತ್ತು. ಸ್ಪೀಡ್ ತಂಡದ ನಾಯಕನನ್ನಾಗಿ ಆರಿಸಿದ್ದ ತರುಣ ಆರನ್ ರಾಮ್ಸಿಯಿಂದ ನಾಯಕತ್ವವನ್ನು ಹಿಂದಕ್ಕೆ ಪಡೆದು, ರಕ್ಷಣಾ ಸಾಲಿನ ಹಿರಿಯ ಆಟಗಾರ ಆ್ಯಶ್ಲಿ ವಿಲಿಯಮ್ಸ್‌ಗೆ ಕೊಟ್ಟರು. ಅಗಲಿದವರ ಆಯ್ಕೆಯನ್ನು ಬದಲಿಸುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂಬುದನ್ನು ತಂದೆಯ ಕಾಲದ ಒಂದು ಮರವನ್ನು ಕಡಿಸಬೇಕಾಗಿ ಬಂದ ಮಗನನ್ನು ಕೇಳಿರಿ. ರಾಮ್ಸಿ ನಾಯಕನ ಭಾರದಿಂದ ಬಿಡುಗಡೆ ಹೊಂದಿ ಮುಂದೆ ಇನ್ನೂ ಸೊಗಸಾಗಿ ಆಡಿದರು. ಮುಂದಿನ ತಿಂಗಳು, ಅಕ್ಟೋಬರ್ 12ರಂದು, ಸ್ಕಾಟ್ಲೆಂಡ್ ಎದುರು ಸೋಲುತ್ತಿದ್ದ ಪಂದ್ಯದ ಕೊನೆಯ ಹತ್ತು ನಿಮಿಷಗಳಲ್ಲಿ ಗ್ಯಾರೆತ್ ಬೇಲ್ ಎರಡು ಗೋಲು ಹೊಡೆದರು. ಕೋಲ್ಮನ್ ತಮ್ಮ ಮೊದಲ ಗೆಲುವನ್ನು ಕಂಡರು.

ಅಲ್ಲಿಂದಲೂ ದಾರಿ ಸಲೀಸಾಗಿರಲಿಲ್ಲ. ಆದರೆ ನಿಧಾನವಾಗಿ ಒಂದು ತಂಡ ರೂಪುಗೊಂಡಿತು. ಅದನ್ನು ಕಟ್ಟಿದವರು ರಕ್ಷಣಾ ಆಟಗಾರರೆಂಬುದಕ್ಕೆ ಆಟದಲ್ಲೇ ಸಾಕ್ಷಿಯಿತ್ತು. ಮಧ್ಯದಲ್ಲಿ ಮೂವರು ರಕ್ಷಕರು, ಎರಡು ಬದಿಗಳಲ್ಲಿ ಮುಂದಕ್ಕೂ ಹಿಂದಕ್ಕೂ ಓಡುವ ಇಬ್ಬರು. ಮೊದಲು ಮನೆಯ ಬಾಗಿಲು ಭದ್ರ, ಆಮೇಲೆ ಪಕ್ಕದೂರಿನ ಜಾತ್ರೆ. ಹಿಂದಿನ ಸಾಲು ಗಟ್ಟಿಯಾಗಿದ್ದುದರಿಂದಲೇ ಮುಂದೆ ಬೇಲ್ ಮತ್ತು ರಾಮ್ಸಿ ನಿಶ್ಚಿಂತೆಯಿಂದ ಆಡಿದರು. 2016ರ ಯುರೋಪ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ವೇಲ್ಸ್ ಬಿಟ್ಟುಕೊಟ್ಟದ್ದು ಕೇವಲ ನಾಲ್ಕು ಗೋಲು, ಗಳಿಸಿದ್ದು ಹನ್ನೊಂದು. ವೈಭವದ ಲೆಕ್ಕವಲ್ಲ ಅದು, ಕಾವಲಿನ ಲೆಕ್ಕ. 2015ರ ಜೂನ್‌ನಲ್ಲಿ ಬಲಾಢ್ಯ ಬೆಲ್ಜಿಯಂ ತಂಡವನ್ನು 1-0ರಿಂದ ಮಣಿಸಿದರು.

ಅರ್ಹತೆ ದೊರೆತ ದಿನದ ಕಥೆ ಸ್ವಾರಸ್ಯಕರ. 2015ರ ಅಕ್ಟೋಬರ್ 10ರ ಮಳೆಯ ರಾತ್ರಿ ಬೋಸ್ನಿಯಾದ ಝೆನಿತ್ಸಾದಲ್ಲಿ ವೇಲ್ಸ್ 2-0ರಿಂದ ಸೋತಿತು. ಇಡೀ ಅರ್ಹತಾ ಸುತ್ತಿನಲ್ಲಿ ಅದೊಂದೇ ಸೋಲು. ಅದೇ ಹೊತ್ತಿಗೆ ಬೇರೆಲ್ಲೋ ಸೈಪ್ರಸ್ ತಂಡ ಇಸ್ರೇಲನ್ನು ಸೋಲಿಸಿದ್ದರಿಂದ ವೇಲ್ಸ್‌ಗೆ ಬಾಗಿಲು ತೆರೆಯಿತು. 57 ವರ್ಷ ಕಾದಿದ್ದ ಘಳಿಗೆ ಬಂದದ್ದು ಸೋತ ಪಂದ್ಯದ ಕೊನೆಯಲ್ಲಿ! ಆ ತಿಂಗಳು ವಿಶ್ವ ಶ್ರೇಯಾಂಕದಲ್ಲಿ ವೇಲ್ಸ್ ಎಂಟನೆಯ ಸ್ಥಾನದಲ್ಲಿತ್ತು. 117ರಿಂದ 8ಕ್ಕೆ ಏರಿದ ಈ ಏಣಿಯ ಮೊದಲ ಮೆಟ್ಟಿಲುಗಳನ್ನು ಕಟ್ಟಿದವರು ಸ್ಪೀಡ್, ಉಳಿದವನ್ನು ಕಟ್ಟಿದವರು ಕೋಲ್ಮನ್. ಯಾವ ಮೆಟ್ಟಿಲು ಯಾರದ್ದೆಂದು ಅಳೆಯುವುದು ವ್ಯರ್ಥ. ಏಣಿ ಒಂದೇ.

2016ರ ಬೇಸಿಗೆಯಲ್ಲಿ ಫ್ರಾನ್ಸಿನಲ್ಲಿ ನಡೆದದ್ದನ್ನು ವೇಲ್ಸಿನ ಜನ ತಮ್ಮ ಮೊಮ್ಮಕ್ಕಳಿಗೂ ಹೇಳಲಿದ್ದಾರೆ. ಬೋರ್ಡೊ ನಗರದಲ್ಲಿ ಸ್ಲೊವಾಕಿಯಾ ಎದುರು 2-1ರ ಗೆಲುವು. ಲೆನ್ಸ್‌ನಲ್ಲಿ ಇಂಗ್ಲೆಂಡಿಗೆ ಕೊನೆಯ ಗಳಿಗೆಯಲ್ಲಿ ಸೋಲು. ತುಲೂಸ್‌ನಲ್ಲಿ ರಷ್ಯಾವನ್ನು 3-0ರಿಂದ ಸೋಲಿಸಿ ಗುಂಪಿನಲ್ಲಿ ಮೊದಲ ಸ್ಥಾನ. ಪ್ಯಾರಿಸ್ಸಿನಲ್ಲಿ ಉತ್ತರ ಐರ್ಲೆಂಡ್ ಎದುರು 1-0. ಜುಲೈ 1ರಂದು ಲಿಲ್ ನಗರದಲ್ಲಿ ಕ್ವಾರ್ಟರ್ ಫೈನಲ್, ಎದುರಿಗೆ ಮತ್ತೆ ಬೆಲ್ಜಿಯಂ. ಮೊದಲ ಗೋಲು ಬೆಲ್ಜಿಯಂನದ್ದು. ಅದನ್ನು ಸರಿಗಟ್ಟಿದ್ದು, ಕೋಲ್ಮನ್ ನಾಯಕನನ್ನಾಗಿ ಆರಿಸಿದ್ದ ರಕ್ಷಕ ಆ್ಯಶ್ಲಿ ವಿಲಿಯಮ್ಸ್ ಅವರ ತಲೆ ಹೊಡೆತ. ಎರಡನೆಯ ಗೋಲು ಹಾಲ್ ರಾಬ್ಸನ್-ಕಾನು ಅವರದ್ದು. ಮೂವರು ಎದುರಾಳಿಗಳನ್ನು ಒಂದೇ ತಿರುವಿನಲ್ಲಿ ದಿಕ್ಕುತಪ್ಪಿಸಿ ಚೆಂಡನ್ನು ಬಲೆಗೆ ಸೇರಿಸಿದ ಆ ಆಟಗಾರನಿಗೆ ಅಂದು ಯಾವ ಕ್ಲಬ್ಬಿನಲ್ಲೂ ಕೆಲಸವಿರಲಿಲ್ಲ. ಹಿಂದಿನ ಕ್ಲಬ್ ಅವರನ್ನು ಕೈಬಿಟ್ಟಿತ್ತು! ಮೂರನೆಯದು ಸ್ಯಾಮ್ ವೋಕ್ಸ್ ಅವರದ್ದು. ಮಧ್ಯದ ಸಾಲಿನಲ್ಲಿ ಆಡುತ್ತಿದ್ದ ಜೋ ಲೆಡ್ಲಿ ಮೇ ತಿಂಗಳಿನಲ್ಲಷ್ಟೇ ಕಾಲಿನ ಎಲುಬು ಮುರಿದುಕೊಂಡಿದ್ದವರು. ಮುರಿದ ಕಾಲಿನ ವೇದನೆ ಬಲ್ಲ ತರಬೇತುದಾರರು ಅವರಿಗಾಗಿ ಕಾದಿದ್ದರು. ಬೇಡವಾದವರು, ಗಾಯಗೊಂಡವರು, ಸೋತು ಬಂದವರು ಸೇರಿದ್ದ ತಂಡವದು. ಅಂದು ಅವರ ಅಂಗಿಯ ಮೇಲಿದ್ದ ಲಾಂಛನದಲ್ಲಿ ವೆಲ್ಷ್ ಭಾಷೆಯ ಧ್ಯೇಯವಾಕ್ಯವೊಂದಿತ್ತು. ಒಡಗೂಡಿ ಆಡುವುದೇ ಶ್ರೇಷ್ಠ ಆಟ ಎಂಬುದು ಅದರ ತಾತ್ಪರ್ಯ.

ಆ ಗೆಲುವಿನ ಬಳಿಕ ಕೋಲ್ಮನ್ ಆಡಿದ ಮಾತುಗಳು ಬಹಳ ಮಂದಿಯನ್ನು ಮುಟ್ಟಿದವು. ಕನಸು ಕಾಣಲು ಹೆದರಬಾರದು, ತಮ್ಮ ಬದುಕಿನಲ್ಲಿ ಗೆಲುವುಗಳಿಗಿಂತ ಸೋಲುಗಳೇ ಹೆಚ್ಚು, ಸೋಲಿಗೆ ತಾವು ಅಂಜುವುದಿಲ್ಲ, ಎಲ್ಲರೂ ಸೋಲುತ್ತಾರೆ ಎಂಬುದು ಅವರ ಮಾತಿನ ಸಾರ. ಗೆದ್ದ ರಾತ್ರಿ ಸೋಲನ್ನು ನೆನೆಯುವವರು ವಿರಳ. ನಡೆಯುವವನು ಎಡವದೆ ಕುಳಿತವನು ಎಡವುತ್ತಾನೆಯೇ ಎಂಬ ನಮ್ಮ ಗಾದೆಯ ಅರ್ಥವನ್ನು ಅವರು ತಮ್ಮ ಮಾತುಗಳಲ್ಲಿ ಹೇಳಿದಂತಿತ್ತು.

ಜುಲೈ 6ರಂದು ಲಿಯಾನ್ ನಗರದ ಸೆಮಿಫೈನಲ್‌ನಲ್ಲಿ ಪೋರ್ಚುಗಲ್ ಗೆದ್ದಿತು. ರಾಮ್ಸಿ ಮತ್ತು ರಕ್ಷಕ ಬೆನ್ ಡೇವಿಸ್ ಶಿಸ್ತಿನ ನಿಯಮದಿಂದಾಗಿ ಆಡುವಂತಿರಲಿಲ್ಲ. ಮೂರೇ ನಿಮಿಷಗಳ ಅಂತರದಲ್ಲಿ ರೊನಾಲ್ಡೊ ಮತ್ತು ನಾನಿ ಹೊಡೆದ ಎರಡು ಗೋಲುಗಳು ಕಥೆ ಮುಗಿಸಿದವು. ಎರಡು ದಿನಗಳ ಬಳಿಕ ಕಾರ್ಡಿಫ್‌ನ ಬೀದಿಗಳಲ್ಲಿ ಸೋತು ಬಂದ ತಂಡದ ಮೆರವಣಿಗೆಯನ್ನು ನೋಡಲು ಜನಸಾಗರವೇ ನೆರೆದಿತ್ತು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಚಂದ, ಆದರೆ ಪೂರ್ಣವಾಗದು. 2017ರ ಅಕ್ಟೋಬರ್‌ನಲ್ಲಿ ಐರ್ಲೆಂಡ್ ಎದುರು ತವರಿನಲ್ಲೇ 1-0ರಿಂದ ಸೋತು ವೇಲ್ಸ್ ವಿಶ್ವಕಪ್ ಅವಕಾಶವನ್ನು ಕಳೆದುಕೊಂಡಿತು. ನವೆಂಬರ್‌ನಲ್ಲಿ ಕೋಲ್ಮನ್ ಆ ಹೊಣೆಯನ್ನು ಬಿಟ್ಟು ಕಷ್ಟದಲ್ಲಿದ್ದ ಸಂಡರ್‌ಲ್ಯಾಂಡ್ ತಂಡಕ್ಕೆ ಹೋದರು. 2018ರ ಏಪ್ರಿಲ್‌ನಲ್ಲಿ ಆ ತಂಡ ಕೆಳಗಿನ ದರ್ಜೆಗೆ ಇಳಿಯಿತು, ಅವರ ಕೆಲಸವೂ ಹೋಯಿತು. ಮುಂದೆ ಚೀನಾ, ಗ್ರೀಸ್, ಬೆಲ್ಜಿಯಂ ಎಂದು ದೂರದ ಊರುಗಳಲ್ಲಿ ದುಡಿದರು. ಹಿಂದೊಮ್ಮೆ ಮನೆಯ ನೆನಪಿಗೆ ಅಂಜಿ ಓಡಿಬಂದ ಹುಡುಗ ಹೀಗೆ ಭಾಷೆ ತಿಳಿಯದ ನಾಡುಗಳಲ್ಲಿ ತನ್ನ ಕಾಯಕ ಮಾಡಿದ. ಅವರು ಬಿಟ್ಟುಹೋದ ಜಾಗದಲ್ಲಿ ಇತರರು ಬಂದು ನಿಂತರು. 2022ರ ಜೂನ್‌ನಲ್ಲಿ ಉಕ್ರೇನನ್ನು ಸೋಲಿಸಿ ವೇಲ್ಸ್ 64 ವರ್ಷಗಳ ಬಳಿಕ ವಿಶ್ವಕಪ್ ಪ್ರವೇಶಿಸಿದಾಗ ತರಬೇತುದಾರರಾಗಿದ್ದವರು ರಾಬ್ ಪೇಜ್. ಅವರೂ ಆಟಗಾರನಾಗಿದ್ದಾಗ ರಕ್ಷಣಾ ಸಾಲಿನವರೇ! ತಂಡದಲ್ಲಿ ಬೇಲ್, ರಾಮ್ಸಿ ಇದ್ದರು. ಸ್ಪೀಡ್ ಮತ್ತು ಕೋಲ್ಮನ್ ಬಿತ್ತಿದ್ದು ಅಲ್ಲಿಯೂ ಬೆಳೆಯಾಗಿ ನಿಂತಿತ್ತು.

ಆತ್ಮೀಯರೇ, ನಿಮ್ಮಲ್ಲಿ ಅನೇಕರು ಇಂದು ಯಾರೋ ಬಿಟ್ಟುಹೋದ ಜಾಗದಲ್ಲಿ ನಿಂತಿದ್ದೀರಿ. ಗಂಡನ ಮರಣಾನಂತರ ಹೊಲದ ಲೆಕ್ಕಪತ್ರ ಹಿಡಿದ ತಾಯಂದಿರಿದ್ದೀರಿ, ಅಣ್ಣನ ಮಕ್ಕಳನ್ನು ಸಾಕುತ್ತಿರುವ ತಮ್ಮಂದಿರಿದ್ದೀರಿ. ಹೋದವರಂತೆ ಆಗಲಾರೆವೆಂಬ ಕೊರಗು ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರಬಹುದು. ಅವರಂತೆ ಆಗಬೇಕೆಂದು ಅವರೂ ಕೇಳಿರಲಿಲ್ಲ. ಅವರು ಬಿಟ್ಟುಹೋದದ್ದು ತಮ್ಮ ಪ್ರತಿಬಿಂಬವನ್ನಲ್ಲ, ಮಾಡಿ ಮುಗಿಯದ ಕೆಲಸವನ್ನು. ಅದನ್ನು ನಿಮ್ಮ ಕೈಗಳಿಂದಲೇ, ನಿಮಗೆ ಬಲ್ಲ ರೀತಿಯಲ್ಲೇ ಮಾಡಬೇಕು. ಮೊದಲ ಕೆಲವು ಪಂದ್ಯಗಳನ್ನು ಸೋಲುತ್ತೀರಿ, ಜನ ಆಡಿಕೊಳ್ಳುತ್ತಾರೆ. ತಾಳಿದವನು ಬಾಳಿಯಾನು ಎಂಬುದನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ. ಇನ್ನು, ನಿಮ್ಮ ನೆರೆಮನೆಯಲ್ಲಿ ಅಂಥವರೊಬ್ಬರು ಹೆಣಗುತ್ತಿದ್ದರೆ ಹೋದವರ ಗುಣಗಾನವನ್ನು ಅವರೆದುರು ಸ್ವಲ್ಪ ಕಡಿಮೆ ಮಾಡಿ, ‘ನಿಮಗೇನಾದರೂ ಸಹಾಯ ಬೇಕೇ’ ಎಂದು ಕೇಳಿರಿ. ಹಿಂದೆ ನಿಂತು ಕಾಯುವವರಿಗೂ ಬೆನ್ನಿಗೊಬ್ಬರು ಬೇಕು.